ಶೇ 75ರ ಲೆಕ್ಕಕ್ಕೆ ಸಿಗದ 40 ಟರ್ಬೈನ್‌ಗಳು

ಐಎನ್‌ಎಸ್ ತಮಾಲ್ ವಿದೇಶದಲ್ಲಿ ಕಟ್ಟಿಸಿದ ಕೊನೆಯ ಯುದ್ಧನೌಕೆ ಎಂದು ಸಾರಿದ ಮೇಲೆ, ನೌಕಾಪಡೆಯ ಸ್ವಾವಲಂಬನೆ ಪೂರ್ಣಗೊಂಡಿತೆಂಬ ಧಾಟಿಯ ಬರಹಗಳೇ ಹೆಚ್ಚಾಗಿವೆ. ಎಲ್ಲರೂ ಎತ್ತಿ ತೋರಿಸುವುದು ಒಂದೇ ಅಂಕಿ: 2025ರ ಜನವರಿಯಲ್ಲಿ ಸೇವೆಗೆ ಸೇರಿದ ಐಎನ್‌ಎಸ್ ಸೂರತ್ ಶೇ 75ರಷ್ಟು ಸ್ವದೇಶಿ. ಅಂಕಿ ಸುಳ್ಳಲ್ಲ. ಆದರೆ ಅದು ಹಡಗು ಸೇವೆಗೆ ಸೇರಿದ ದಿನದ ಲೆಕ್ಕ. ಮುಂದಿನ ಮೂರು-ನಾಲ್ಕು ದಶಕ ಅದನ್ನು ಓಡಿಸುವ ಬಿಡಿಭಾಗಗಳು ಎಲ್ಲಿಂದ ಬರುತ್ತವೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನೋಡಬೇಕಾದ ಸಂಖ್ಯೆ 40. ದೆಹಲಿ ವರ್ಗದ 3, ಕೋಲ್ಕತ್ತ ವರ್ಗದ 3, ಸೂರತ್ ಸೇರಿದಂತೆ ವಿಶಾಖಪಟ್ಟಣ ವರ್ಗದ 4: ಮುಂಬೈನ ಮಜಗಾಂವ್ ಡಾಕ್ ಕಟ್ಟಿದ ಈ ಹತ್ತೂ ಡೆಸ್ಟ್ರಾಯರ್‌ಗಳಲ್ಲಿ ತಲಾ ನಾಲ್ಕು ಗ್ಯಾಸ್ ಟರ್ಬೈನ್‌ಗಳಿವೆ. ಅಷ್ಟೂ ಉಕ್ರೇನಿನ ಮಿಕೊಲಾಯಿವ್ ನಗರದ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯವು. 2022ರಲ್ಲಿ ಆ ನಗರದ ಮೇಲೆಯೇ ರಷ್ಯಾದ ಕ್ಷಿಪಣಿಗಳು ಬಿದ್ದವು.

ಇದು ಯಾರೂ ಊಹಿಸಲಾಗದ ಸಂಕಟವೇನಲ್ಲ. ರಜಪೂತ್ ವರ್ಗದ ಐದು ಡೆಸ್ಟ್ರಾಯರ್‌ಗಳ ಕಥೆ ನಮ್ಮ ಕಣ್ಣೆದುರೇ ನಡೆದಿದೆ. ಅವನ್ನು ಕಟ್ಟಿದ್ದೂ ಅದೇ ಮಿಕೊಲಾಯಿವ್‌ನಲ್ಲಿ. ಐಎನ್‌ಎಸ್ ರಜಪೂತ್ 1980ರ ಮೇ 4ರಂದು ಜಾರ್ಜಿಯಾದ ಪೋಟಿಯಲ್ಲಿ ಸೇವೆಗೆ ಸೇರಿತು. ಆಗ ಉಕ್ರೇನ್, ಜಾರ್ಜಿಯಾ, ರಷ್ಯಾ ಎಲ್ಲವೂ ಒಂದೇ ದೇಶ. ಕೊನೆಯ ಹಡಗು ರಣವಿಜಯ್ ಬಂದದ್ದು 1987ರ ಡಿಸೆಂಬರ್‌ನಲ್ಲಿ. ನಾಲ್ಕೇ ವರ್ಷಕ್ಕೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಹಡಗುಕಟ್ಟೆ, ಟರ್ಬೈನ್ ಕಾರ್ಖಾನೆ ಉಕ್ರೇನಿಗೆ ಸೇರಿದವು, ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಬಹುಪಾಲು ರಷ್ಯಾದಲ್ಲಿ ಉಳಿದವು. ಒಂದೇ ಕಚೇರಿಗೆ ಕಳಿಸುತ್ತಿದ್ದ ಬೇಡಿಕೆಪಟ್ಟಿ ಹಲವು ರಾಜಧಾನಿಗಳಿಗೆ ಹಂಚಿಹೋಯಿತು. 2021ರ ಮೇ ತಿಂಗಳಲ್ಲಿ ನಿವೃತ್ತಿಯಾದ ರಜಪೂತ್, ತನ್ನ 41 ವರ್ಷಗಳ ಸೇವೆಯಲ್ಲಿ 29 ವರ್ಷಗಳನ್ನು ತನ್ನನ್ನು ಮಾರಿದ ದೇಶವಿಲ್ಲದೆಯೇ ಕಳೆಯಿತು. ಆ ಅವಧಿಯಲ್ಲೇ ಅದು ಬ್ರಹ್ಮೋಸ್ ಪರೀಕ್ಷೆಗಳಿಗೆ ವೇದಿಕೆಯೂ ಆಯಿತು. ಇದರ ಶ್ರೇಯ ನಮ್ಮ ನೌಕಾ ಕಾರ್ಯಾಗಾರಗಳ ತಂತ್ರಜ್ಞರದು, ಖರೀದಿ ಒಪ್ಪಂದದ್ದಲ್ಲ.

ತಮಾಲ್‌ನ ಹುಟ್ಟಿನಲ್ಲೂ ಇದೇ ಪಾಠವಿದೆ. 2014ರಲ್ಲಿ ಕ್ರಿಮಿಯಾ ಕೈತಪ್ಪಿದ ಬಳಿಕ ಉಕ್ರೇನ್ ರಷ್ಯಾಕ್ಕೆ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ರಷ್ಯಾ ತನ್ನ ನೌಕಾಪಡೆಗೆಂದು ಕಟ್ಟುತ್ತಿದ್ದ ಫ್ರಿಗೇಟ್‌ಗಳು ಎಂಜಿನ್ ಇಲ್ಲದೆ ಕಲಿನಿನ್‌ಗ್ರಾಡ್‌ನಲ್ಲಿ ಹಾಗೇ ನಿಂತವು. ಅವುಗಳಲ್ಲಿ ಎರಡನ್ನು ನಾವು ಕೊಂಡೆವು; ತಮಾಲ್ ಅವುಗಳಲ್ಲೊಂದು. ಎಂಜಿನ್‌ಗಳನ್ನು ಉಕ್ರೇನಿನಿಂದ ನಾವೇ ಖರೀದಿಸಿ ರಷ್ಯಾದ ಹಡಗುಕಟ್ಟೆಗೆ ಒದಗಿಸಿದೆವು. ಟರ್ಬೈನ್ ಬರದಿದ್ದರೆ ಹಡಗು ಕಟ್ಟುವ ಬಲಾಢ್ಯ ದೇಶವೂ ಕೈಕಟ್ಟಿ ಕೂರಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅಮೆರಿಕದ ಎಲ್‌ಎಂ2500 ಟರ್ಬೈನ್ ಇದೆಯಲ್ಲ, ಬೆಂಗಳೂರಿನ ಎಚ್‌ಎಎಲ್ ಅದನ್ನು ಜೋಡಿಸಿಕೊಡುತ್ತಿದೆಯಲ್ಲ ಎನ್ನುವವರಿದ್ದಾರೆ. ಹೊಸ ಹಡಗುಗಳಿಗೆ ಸರಿ. ಇರುವ ಹತ್ತು ಡೆಸ್ಟ್ರಾಯರ್‌ಗಳ ಒಡಲು ಬಗೆದು ಬೇರೆ ಎಂಜಿನ್ ಕೂರಿಸುವುದು ಕಾಗದದ ಮೇಲಷ್ಟೇ ಸುಲಭ. ವಿಶಾಖಪಟ್ಟಣದಲ್ಲಿರುವ ನೌಕಾಪಡೆಯ ಕಾರ್ಯಾಗಾರ ಐಎನ್‌ಎಸ್ ಏಕಶಿಲಾದಲ್ಲಿ ಟರ್ಬೈನ್‌ಗಳ ಓವರ್‌ಹಾಲ್ ನಡೆಯುತ್ತದೆ. ಆದರೆ ಬ್ಲೇಡ್ ಹೊರಗಿಂದಲೇ ಬರಬೇಕಾದರೆ ಕೈಗೆಟುಕುವುದು ಅರ್ಧ ಸ್ವಾತಂತ್ರ್ಯ ಮಾತ್ರ. ಬೆಂಗಳೂರಿನ ಜಿಟಿಆರ್‌ಇ ಸಂಶೋಧನಾಲಯ ರೂಪಿಸಿದ ಕಾವೇರಿ ಟರ್ಬೈನ್‌ನ 12 ಮೆಗಾವ್ಯಾಟ್‌ನ ನೌಕಾ ಆವೃತ್ತಿ ವಿಶಾಖಪಟ್ಟಣದಲ್ಲಿ ಪರೀಕ್ಷೆಗೊಳಗಾಗಿ ವರ್ಷಗಳೇ ಸಂದಿವೆ. ಅದಕ್ಕೆ ಹಡಗು ಸಿಗಲಿಲ್ಲ.

ಮುಂದಿನ ಪೀಳಿಗೆಯ ಡೆಸ್ಟ್ರಾಯರ್‌ಗಳಿಗೆ ಹಣ ಮಂಜೂರು ಮಾಡುವ ಮುನ್ನ, ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಸಚಿವಾಲಯವನ್ನು ಒಂದೇ ಪ್ರಶ್ನೆ ಕೇಳಲಿ: ಈ 40 ಟರ್ಬೈನ್‌ಗಳ ಬ್ಲೇಡ್, ಬೇರಿಂಗ್, ದಹನಕೋಶಗಳಲ್ಲಿ ಯಾವುದನ್ನು ಇಲ್ಲೇ ತಯಾರಿಸಬಲ್ಲೆವು, ಯಾವುದಕ್ಕೆ ಎಷ್ಟು ವರ್ಷದ ದಾಸ್ತಾನಿದೆ? ಉತ್ತರ ಗೋಪ್ಯವಾಗಿದ್ದರೆ ಸಮಿತಿಯ ಮುಂದಾದರೂ ಲಿಖಿತವಾಗಿ ಬರಲಿ.