ಹರಟೆಕಟ್ಟೆಯ ಬೀಗದ ಕೈ ಯಾರ ಬಳಿ?

2025ರ ಮೇ 5ರಂದು ಸ್ಕೈಪ್ ಸೇವೆ ಸ್ಥಗಿತಗೊಂಡಿತು. 2003ರ ಆಗಸ್ಟ್‌ನಲ್ಲಿ ಆರಂಭವಾಗಿ, ಅಂತರ್ಜಾಲದ ಮೂಲಕ ಮುಖ ನೋಡಿ ಮಾತನಾಡುವ ಕ್ರಿಯೆಗೇ ತನ್ನ ಹೆಸರನ್ನು ಕೊಟ್ಟಿದ್ದ ಸೇವೆಯದು. ಅದನ್ನು ಮುಚ್ಚುವುದಾಗಿ ಮಾಲೀಕ ಸಂಸ್ಥೆ ಮೈಕ್ರೋಸಾಫ್ಟ್ ಪ್ರಕಟಿಸಿದಾಗ ದೊಡ್ಡ ಗದ್ದಲವೇನೂ ಏಳಲಿಲ್ಲ. ಹಳೆಯ ಬಳಕೆದಾರರು ಕೆಲವರು ನೆನಪುಗಳನ್ನು ಹಂಚಿಕೊಂಡರು, ಉಳಿದವರಿಗೆ ಅದು ಇನ್ನೂ ಬದುಕಿತ್ತೆಂಬುದೇ ಹೊಸ ಸುದ್ದಿಯಾಗಿತ್ತು.

ಐಎಸ್‌ಡಿ ಬೂತ್‌ನಲ್ಲಿ ನಿಂತು, ಏರುತ್ತಿರುವ ಮೀಟರಿನ ಅಂಕಿಗಳನ್ನು ನೋಡುತ್ತ ಮಾತನ್ನು ಮೊಟಕುಗೊಳಿಸುತ್ತಿದ್ದ ತಂದೆತಾಯಿಗೆ ಅಮೆರಿಕದಲ್ಲಿದ್ದ ಮಗನ ಮುಖವನ್ನು ಖರ್ಚಿಲ್ಲದೆ ತೋರಿಸಿದ್ದು ಸ್ಕೈಪ್. ಸಾಫ್ಟ್‌ವೇರ್ ನೌಕರಿಯ ಬೆನ್ನೇರಿ ಕಡಲಾಚೆ ಹೋದ ಕನ್ನಡಿಗರ ಮೊದಲ ಪೀಳಿಗೆಗೆ ಇದನ್ನು ವಿವರಿಸಬೇಕಾಗಿಲ್ಲ. 2005ರಲ್ಲಿ ಇಬೇ ಸಂಸ್ಥೆ 260 ಕೋಟಿ ಡಾಲರ್‌ಗೆ, 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್‌ಗೆ ಅದನ್ನು ಕೊಂಡವು. ಹಣಕ್ಕೆ, ಹೆಸರಿಗೆ, ತಂತ್ರಜ್ಞರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಅದು ಸೋತದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಸ್ಕೈಪ್‌ಗಿಂತ ಹೆಚ್ಚಾಗಿ, ಇಂದು ಪ್ರತಿಯೊಬ್ಬರ ಜೇಬಿನಲ್ಲಿರುವ ಹಸಿರು ಬಣ್ಣದ ಆ್ಯಪ್‌ನ ಕಥೆಯೇ ಎದುರಾಗುತ್ತದೆ.

ಸಂದೇಶ ಹಾಗೂ ವಿಡಿಯೊ ಸಂಭಾಷಣೆಯ ಆ್ಯಪ್‌ಗಳ ಪೈಪೋಟಿಯಲ್ಲಿ ಮೊದಲು ಎದುರಾದ ಗೋಡೆ ಸಾಧನದ್ದು. 2005ರಲ್ಲಿ ಬಂದ ಬ್ಲ್ಯಾಕ್‌ಬೆರ್ರಿ ಮೆಸೆಂಜರ್ ತನ್ನ ಕಾಲದಲ್ಲಿ ಅತ್ಯುತ್ತಮವಾಗಿತ್ತು. ಸಂದೇಶ ತಲುಪಿತೇ, ಓದಲಾಯಿತೇ ಎಂಬುದನ್ನು ತೋರಿಸುತ್ತಿದ್ದ ಅದನ್ನು ಬಳಸಲು ಎರಡೂ ಕಡೆ ಬ್ಲ್ಯಾಕ್‌ಬೆರ್ರಿ ಫೋನೇ ಇರಬೇಕಿತ್ತು. ಫೋನ್ ಮಾರಲು ಆ ನಿರ್ಬಂಧ ನೆರವಾದೀತೆಂದು ಕಂಪನಿ ನಂಬಿತ್ತು. 2013ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್‌ಗಳಿಗೆ ಬಾಗಿಲು ತೆರೆಯುವ ಹೊತ್ತಿಗೆ ಅತಿಥಿಗಳೆಲ್ಲ ಬೇರೆ ಮನೆಯಲ್ಲಿ ಊಟಕ್ಕೆ ಕುಳಿತಾಗಿತ್ತು. 2019ರ ಮೇ 31ರಂದು ಅದರ ಸಾರ್ವಜನಿಕ ಸೇವೆ ಕೊನೆಗೊಂಡಿತು. ಆ್ಯಪಲ್ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 2010ರಲ್ಲಿ ಫೇಸ್‌ಟೈಮ್ ಬಿಡುಗಡೆ ಮಾಡುತ್ತ ಸ್ಟೀವ್ ಜಾಬ್ಸ್ ಇದನ್ನು ಎಲ್ಲರಿಗೂ ಮುಕ್ತವಾದ ಮಾನದಂಡವಾಗಿಸುವುದಾಗಿ ಘೋಷಿಸಿದ್ದರು. ಆ ಮಾತು ನಡೆಯಲಿಲ್ಲ. ಅನ್ಯ ಸಾಧನದವರು ಕೊಂಡಿಯೊಂದರ ಮೂಲಕ ಕರೆಗೆ ಬಂದು ಕೂಡಿಕೊಳ್ಳುವ ಅವಕಾಶ ದೊರೆತದ್ದು 2021ರಲ್ಲಿ. ಆದರೆ ಆ್ಯಪಲ್ ಫೋನ್ ಮಾರಿಯೇ ಬದುಕುವ ಕಂಪನಿಯಾದ್ದರಿಂದ ಈ ಹಟ ಅದಕ್ಕೆ ನಷ್ಟವನ್ನೇನೂ ತರಲಿಲ್ಲ.

ಯಾಹೂ ಸಂಸ್ಥೆಯ ಮಾಜಿ ಉದ್ಯೋಗಿಗಳಾದ ಜಾನ್ ಕೌಮ್ ಮತ್ತು ಬ್ರಯಾನ್ ಆಕ್ಟನ್ 2009ರಲ್ಲಿ ಆರಂಭಿಸಿದ ವಾಟ್ಸಾಪ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಐಫೋನ್‌ನಲ್ಲಿ ಹುಟ್ಟಿದರೂ ಬ್ಲ್ಯಾಕ್‌ಬೆರ್ರಿ, ಆಂಡ್ರಾಯ್ಡ್, ನೋಕಿಯಾದ ಸಿಂಬಿಯನ್, ಅಷ್ಟೇ ಅಲ್ಲ, ಅಗ್ಗದ ಎಸ್-40 ಸರಣಿಯ ಗುಂಡಿ ಫೋನುಗಳಲ್ಲೂ ಅದು ಓಡತೊಡಗಿತು. ಕ್ಯಾಲಿಫೋರ್ನಿಯಾದ ಇತರ ಕಂಪನಿಗಳು ಹಳೆಯ ನೋಕಿಯಾ ಕಡೆ ತಿರುಗಿಯೂ ನೋಡದ ಕಾಲದಲ್ಲಿ ಈ ಪುಟ್ಟ ತಂಡ ಅದಕ್ಕಾಗಿ ಶ್ರಮ ವ್ಯಯಿಸಿತೆಂಬುದು ಗಮನಾರ್ಹ. ಭಾರತದಲ್ಲಿ ಅದು ಬೇರೂರಿದ್ದು ದುಬಾರಿ ಫೋನಿನಿಂದಲ್ಲ, ಇಂಥ ಫೋನುಗಳಿಂದ. 2018ರ ಸೆಪ್ಟೆಂಬರ್‌ನಲ್ಲಿ ಅದು ಜಿಯೋಫೋನ್‌ಗೂ ಬಂದಿತು.

ಎರಡನೆಯ ಕಾರಣ ಇನ್ನೂ ಸರಳ. ಸ್ಕೈಪ್ ಸೇರಲು ಹೆಸರೊಂದನ್ನು ಆರಿಸಿ, ಗುಪ್ತಪದ ಸೃಷ್ಟಿಸಿ, ಬಳಿಕ ಪರಿಚಿತರ ಸ್ಕೈಪ್ ಹೆಸರುಗಳನ್ನು ಒಂದೊಂದಾಗಿ ಹುಡುಕಬೇಕಿತ್ತು. ವಾಟ್ಸಾಪ್‌ಗೆ ಮೊಬೈಲ್ ಸಂಖ್ಯೆಯೇ ಗುರುತು. ಫೋನಿನಲ್ಲಿ ಅದಾಗಲೇ ಇದ್ದ ಹೆಸರುಗಳ ಪಟ್ಟಿಯೇ ಸದಸ್ಯರ ಪಟ್ಟಿಯಾಯಿತು. ಹಾಲಿನವರು, ಶಾಲೆಯ ಮೇಷ್ಟರು, ಮದುವೆ ದಲ್ಲಾಳಿ ಎಲ್ಲರೂ ತಾವಾಗಿಯೇ ಅಲ್ಲಿ ಬಂದು ನಿಂತಿದ್ದರು. 2014ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರ್‌ಗೆ ಖರೀದಿಸುವುದಾಗಿ ಪ್ರಕಟಿಸಿದಾಗ ಬಳಕೆದಾರರು 45 ಕೋಟಿ, ನೌಕರರು ಐವತ್ತು ಚಿಲ್ಲರೆ. ವಿಡಿಯೊ ಕರೆ ಸೇರಿದ್ದು 2016ರ ನವೆಂಬರ್‌ನಲ್ಲಿ, ಅಂದರೆ ಸ್ಕೈಪ್‌ಗಿಂತ ವರ್ಷಗಳಷ್ಟು ತಡವಾಗಿ. ತಡವಾದರೂ ಚಿಂತೆ ಇರಲಿಲ್ಲ, ಏಕೆಂದರೆ ಜನ ಅಲ್ಲಿಯೇ ಇದ್ದರು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನೀಡಿದ ಅಂಕಿಯ ಪ್ರಕಾರವೇ ಭಾರತದಲ್ಲಿ ವಾಟ್ಸಾಪ್ ಬಳಕೆದಾರರು 53 ಕೋಟಿ.

ಇಲ್ಲಿಯವರೆಗಿನದು ಜಾಣ ಉದ್ಯಮಿಗಳ ಗೆಲುವಿನ ಕಥೆ. ವಿಪರ್ಯಾಸ ಆರಂಭವಾಗುವುದು ಇದರ ನಂತರ. ಸಾಧನಗಳ ನಡುವಿನ ಗೋಡೆಯನ್ನು ಕೆಡವಿ ಗೆದ್ದ ಆ್ಯಪ್, ತನ್ನ ಸುತ್ತ ಅದಕ್ಕಿಂತ ಎತ್ತರದ ಗೋಡೆಯನ್ನು ಕಟ್ಟಿಕೊಂಡಿತು. ಯಾವ ಕಂಪನಿಯ ಫೋನ್ ಇದ್ದರೂ ವಾಟ್ಸಾಪ್ ಓಡುತ್ತದೆ. ಆದರೆ ವಾಟ್ಸಾಪ್‌ನಿಂದ ಟೆಲಿಗ್ರಾಂಗಾಗಲಿ, ಸಿಗ್ನಲ್‌ಗಾಗಲಿ ಒಂದು ಅಕ್ಷರವೂ ಹೋಗದು. ಏರ್‌ಟೆಲ್ ಸಂಖ್ಯೆಯಿಂದ ಜಿಯೋಗೆ ಕರೆ ಹೋಗುತ್ತದೆ, ಜಿಮೇಲ್‌ನಿಂದ ಯಾಹೂಗೆ ಅಂಚೆ ಹೋಗುತ್ತದೆ. ಸಂದೇಶದ ಆ್ಯಪ್‌ಗಳಲ್ಲಿ ಮಾತ್ರ ಆ ಕಟ್ಟೆಯವರು ಈ ಕಟ್ಟೆಯವರೊಡನೆ ಮಾತನಾಡುವಂತಿಲ್ಲ. ಹೀಗಾಗಿ ಉತ್ತಮ ಆ್ಯಪ್ ತಯಾರಿಸಿದವರು ಬಳಕೆದಾರನೊಬ್ಬನನ್ನು ಒಲಿಸಿದರೆ ಸಾಲದು, ಆತನ ಬಂಧುಬಳಗ, ಕಚೇರಿ, ಅಪಾರ್ಟ್‌ಮೆಂಟಿನ ಗುಂಪು, ಮಗಳ ತರಗತಿಯ ಪೋಷಕರ ಗುಂಪು ಎಲ್ಲವನ್ನೂ ಒಂದೇ ದಿನ ಎಬ್ಬಿಸಿ ಕರೆದೊಯ್ಯಬೇಕು.

2021ರ ಜನವರಿ ಇದಕ್ಕೆ ಸಾಕ್ಷಿ. ಹೊಸ ಗೋಪ್ಯತಾ ನೀತಿಯನ್ನು ಫೆಬ್ರುವರಿ 8ರೊಳಗೆ ಒಪ್ಪಿಕೊಳ್ಳಬೇಕೆಂದು ವಾಟ್ಸಾಪ್ ಸೂಚಿಸಿದಾಗ ಲೋಕದಾದ್ಯಂತ ಅಸಮಾಧಾನ ಭುಗಿಲೆದ್ದಿತು. ಸಿಗ್ನಲ್ ಬಳಸಿ ಎಂದು ಇಲಾನ್ ಮಸ್ಕ್ ಟ್ವಿಟರ್‌ನಲ್ಲಿ ಬರೆದರು. ಹೊಸಬರ ನೂಕುನುಗ್ಗಲಿಗೆ ಸಿಗ್ನಲ್ ಸೇವೆ ಜನವರಿ 15ರಂದು ಕುಸಿದೇ ಬಿದ್ದಿತು. ಮೂರೇ ದಿನಗಳಲ್ಲಿ ಎರಡೂವರೆ ಕೋಟಿ ಹೊಸಬರು ಬಂದರೆಂದು ಟೆಲಿಗ್ರಾಂ ಹೇಳಿಕೊಂಡಿತು. ವಾಟ್ಸಾಪ್ ಗಡುವನ್ನು ಮೇ 15ಕ್ಕೆ ಮುಂದೂಡಿತು, ಪತ್ರಿಕೆಗಳಲ್ಲಿ ಜಾಹೀರಾತು ನೀಡಿತು, ಸುಮ್ಮನೆ ಕಾಯಿತು. ಹೋದವರಲ್ಲಿ ಬಹುಪಾಲು ಜನ ಹೊಸ ಆ್ಯಪ್‌ನ್ನು ಫೋನಿನಲ್ಲಿ ಇಟ್ಟುಕೊಂಡೇ ಹಳೆಯದಕ್ಕೆ ಮರಳಿದರು. ಸಿಟ್ಟು ಆರಿತೆಂದಲ್ಲ, ಮಾತನಾಡಬೇಕಾದವರು ಅಲ್ಲಿರಲಿಲ್ಲ.

ಅದೇ ಜನವರಿಯಲ್ಲಿ, ವಾಟ್ಸಾಪ್‌ಗೆ ಪರ್ಯಾಯವೇನೆಂದು ಭಾರತೀಯರು ಹುಡುಕುತ್ತಿದ್ದ ವಾರಗಳಲ್ಲಿಯೇ, ಭಾರತದ್ದೇ ಆದ ಹೈಕ್ ಸಂದೇಶ ಸೇವೆ ಮುಚ್ಚಿಹೋಯಿತು. ಕವಿನ್ ಭಾರ್ತಿ ಮಿತ್ತಲ್ 2012ರ ಡಿಸೆಂಬರ್‌ನಲ್ಲಿ ಆರಂಭಿಸಿದ್ದ ಹೈಕ್ 2016ರ ಹೊತ್ತಿಗೆ 10 ಕೋಟಿ ನೋಂದಾಯಿತ ಬಳಕೆದಾರರನ್ನು ಹೊಂದಿತ್ತು. ಚೀನಾದ ಟೆನ್ಸೆಂಟ್ ಮೊದಲಾದವರಿಂದ 17.5 ಕೋಟಿ ಡಾಲರ್ ಬಂಡವಾಳ ಪಡೆದು 140 ಕೋಟಿ ಡಾಲರ್ ಮೌಲ್ಯದ ಕಂಪನಿಯೆನಿಸಿತ್ತು. ಭಾರತೀಯ ಭಾಷೆಗಳ ಸ್ಟಿಕ್ಕರ್‌ಗಳನ್ನು ಜನಪ್ರಿಯಗೊಳಿಸಿದ್ದೇ ಅದು. ಅದಾವುದೂ ಅದನ್ನು ಉಳಿಸಲಿಲ್ಲ.

ಸ್ಪರ್ಧೆಯೇ ಅಸಾಧ್ಯವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ವಿಡಿಯೊ ಸಭೆಗಳತ್ತ ಕಣ್ಣು ಹಾಯಿಸಿದರೆ ಚಿತ್ರವೇ ಬೇರೆ. 2019ರ ಡಿಸೆಂಬರ್‌ನಲ್ಲಿ ದಿನವೊಂದಕ್ಕೆ ಗರಿಷ್ಠ ಒಂದು ಕೋಟಿ ಸಭಾಭಾಗಿಗಳಿದ್ದ ಜೂಮ್, ಕೊರೊನಾ ಲಾಕ್‌ಡೌನ್‌ನ ಪರಿಣಾಮವಾಗಿ 2020ರ ಏಪ್ರಿಲ್‌ಗೆ 30 ಕೋಟಿ ಮುಟ್ಟಿತು. ಆ ತಿಂಗಳಲ್ಲೇ ಅದು ಸುರಕ್ಷಿತವಲ್ಲವೆಂದು ಕೇಂದ್ರ ಗೃಹ ಸಚಿವಾಲಯ ಎಚ್ಚರಿಸಿತ್ತು. ಹದಿನೇಳು ವರ್ಷ ಮೊದಲೇ ಹುಟ್ಟಿದ್ದ ಸ್ಕೈಪ್ ಆ ಸುವರ್ಣಾವಕಾಶವನ್ನು ಕೈಚೆಲ್ಲಿ ಕುಳಿತಿತು. ಮೈಕ್ರೋಸಾಫ್ಟ್‌ನ ಗಮನವೂ ತನ್ನದೇ ಟೀಮ್ಸ್ ಕಡೆ ಹರಿದಿತ್ತು. ಜೂಮ್ ಗೆಲ್ಲಲು ಕಾರಣ ಒಂದು ಕೊಂಡಿ. ಕರೆದವರು ಕೊಂಡಿ ಕಳಿಸಿದರೆ ಸಾಕು, ಖಾತೆಯಿಲ್ಲದವರೂ ಒತ್ತಿ ಒಳಗೆ ಬರಬಹುದಿತ್ತು.

ಈ ಕೊಂಡಿಯ ಮಹತ್ವವನ್ನು ವಿಶ್ಲೇಷಕರು ಸಾಕಷ್ಟು ಗುರುತಿಸಿಲ್ಲ. ಬೆಂಗಳೂರಿನ ನೌಕರನೊಬ್ಬ ಬೆಳಿಗ್ಗೆ ಟೀಮ್ಸ್‌ನಲ್ಲಿ, ಮಧ್ಯಾಹ್ನ ಗೂಗಲ್ ಮೀಟ್‌ನಲ್ಲಿ, ಸಂಜೆ ಜೂಮ್‌ನಲ್ಲಿ ಸಭೆ ಮುಗಿಸುತ್ತಾನೆ. ಅವನಿಗೆ ಯಾವುದರ ಮೇಲೂ ನಿಷ್ಠೆ ಬೇಕಾಗಿಲ್ಲ. ಬಾಗಿಲು ತೆರೆದಿರುವುದರಿಂದಲೇ ಈ ಮೂರೂ ಬದುಕಿವೆ, ಒಂದನ್ನೊಂದು ಎಚ್ಚರವಾಗಿಟ್ಟಿವೆ. ಹಣ ಪಾವತಿಯಲ್ಲೂ ಇದೇ ಅನುಭವ. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಲ್ಲಿ ಫೋನ್‌ಪೇ ಇದ್ದವರು ಪೇಟಿಎಂ ಫಲಕ ಹಾಕಿದ ಅಂಗಡಿಗೂ ಹಣ ಕೊಡಬಹುದು. ಅಲ್ಲಿ ಅರ್ಧ ಶತಕೋಟಿ ಬಳಕೆದಾರರ ಬಲವಿದ್ದ ವಾಟ್ಸಾಪ್ ಮೇಲೇಳಲಾಗಲಿಲ್ಲ. ಅದರ ಪಾವತಿ ಸೇವೆಗೆ ಬಳಕೆದಾರರ ಮಿತಿ ಹೇರಿದ್ದು ಒಂದು ಕಾರಣವೆಂಬುದು ನಿಜ. ಆದರೆ 2024ರ ಡಿಸೆಂಬರ್ 31ರಂದು ಆ ಮಿತಿ ಪೂರ್ತಿ ತೆರವಾದ ಮೇಲೂ 2025ರಲ್ಲಿ ಬೆಂಗಳೂರಿನ ಫೋನ್‌ಪೇ ಹಾಗೂ ಗೂಗಲ್ ಪೇಗಳ ಸ್ಥಾನ ಅಲುಗಲಿಲ್ಲ. ಬೀಗವಿಲ್ಲದ ಜಾಗದಲ್ಲಿ ಬೀಗದ ಕೈ ಇದ್ದವನಿಗೆ ವಿಶೇಷ ಬೆಲೆ ಇರುವುದಿಲ್ಲ.

ಚೆನ್ನೈನ ಜೋಹೊ ಕಂಪನಿಯ ಅರಟ್ಟೈ ಆ್ಯಪ್‌ನ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹೆಸರು ತಮಿಳಿನದು, ನಮ್ಮ ‘ಹರಟೆ’ಯ ಒಡಹುಟ್ಟು. 2021ರ ಜನವರಿಯಲ್ಲೇ ಬಂದು ಮೂಲೆಯಲ್ಲಿದ್ದ ಅದು 2025ರ ಸೆಪ್ಟೆಂಬರ್ ಕೊನೆಯಲ್ಲಿ, ಸ್ವದೇಶಿ ಕರೆಯ ಅಲೆಯಲ್ಲಿ, ಕೇಂದ್ರ ಸಚಿವರ ಶಿಫಾರಸುಗಳೊಂದಿಗೆ ಏಕಾಏಕಿ ಮೇಲೆದ್ದಿತು. ದಿನಕ್ಕೆ 3,000 ಇದ್ದ ನೋಂದಣಿ ಮೂರು ದಿನಗಳಲ್ಲಿ 3.5 ಲಕ್ಷಕ್ಕೆ ಜಿಗಿಯಿತೆಂದು ಜೋಹೊ ಸಂಸ್ಥಾಪಕ ಶ್ರೀಧರ್ ವೆಂಬು ತಿಳಿಸಿದರು. ಆ ಹೊತ್ತಿನಲ್ಲಿ ಅದರ ಕರೆಗಳಿಗೆ ಮಾತ್ರ ಪೂರ್ಣ ಗೂಢಲಿಪಿ ರಕ್ಷಣೆಯಿತ್ತು, ಬರಹದ ಸಂದೇಶಗಳಿಗೆ ಇರಲಿಲ್ಲ. ವಾಟ್ಸಾಪ್ 2016ರ ಏಪ್ರಿಲ್‌ನಲ್ಲೇ ಈ ರಕ್ಷಣೆಯನ್ನು ಎಲ್ಲರಿಗೂ ಒದಗಿಸಿತ್ತು. ಬಿಟ್ಟುಬರಬೇಕಾದ ಆ್ಯಪ್‌ಗಿಂತ ಸೇರಬೇಕಾದ ಆ್ಯಪ್ ಕಡಿಮೆ ಸುರಕ್ಷಿತವಾಗಿದ್ದರೆ ದೇಶಾಭಿಮಾನ ಎಷ್ಟು ದಿನ ಆಸರೆಯಾದೀತು? ನವೆಂಬರ್ ಹೊತ್ತಿಗೆ ಆ್ಯಪ್ ಮಳಿಗೆಗಳ ಪಟ್ಟಿಯಲ್ಲಿ ಅರಟ್ಟೈ ಸ್ಥಾನ ಬಹಳ ಕೆಳಗಿಳಿದಿತ್ತು.

ಈ ಗದ್ದಲದ ನಡುವೆ ವೆಂಬು ಆಡಿದ ಮತ್ತೊಂದು ಮಾತು ಬದಿಗೆ ಸರಿಯಿತು. ಸಂದೇಶ ಸೇವೆಗಳು ಯುಪಿಐ ಮತ್ತು ಇ-ಅಂಚೆಯ ಹಾಗೆ ಪರಸ್ಪರ ಸಂಪರ್ಕ ಹೊಂದಬೇಕು, ಇದಕ್ಕಾಗಿ ಬೆಂಗಳೂರಿನ ಐಸ್ಪಿರಿಟ್ ತಜ್ಞರೊಡನೆ ಮಾತುಕತೆ ನಡೆದಿದೆ ಎಂದು ಅವರು ಹೇಳಿದ್ದರು. ಹಿಂದುಳಿದವರು ಗೋಡೆ ಒಡೆಯಬೇಕೆನ್ನುವುದು ಸಹಜ, ಮುಂದಿರುವಾಗಲೂ ಹಾಗೆ ಹೇಳುವರೇ ಎಂದು ಕೇಳಬಹುದು. ಗೂಗಲ್‌ನ ಉದಾಹರಣೆ ಕಣ್ಣೆದುರಿಗಿದೆ. 2005ರಲ್ಲಿ ಬಂದ ಅದರ ಟಾಕ್ ಸೇವೆ ಮುಕ್ತ ಮಾನದಂಡದ ಮೇಲೆ ನಿಂತಿತ್ತು. 2013ರಲ್ಲಿ ಅದರ ಜಾಗಕ್ಕೆ ಬಂದ ಹ್ಯಾಂಗ್‌ಔಟ್ಸ್ ಆ ಬಾಗಿಲನ್ನು ಮುಚ್ಚಿತು. ಆಮೇಲೆ ಅಲೋ ಬಂದು ಹೋಯಿತು, ಡ್ಯುಓ ಬಂದು ಮೀಟ್‌ನಲ್ಲಿ ಕರಗಿತು, ಹ್ಯಾಂಗ್‌ಔಟ್ಸ್ ಕೂಡ 2022ರಲ್ಲಿ ಕಣ್ಮುಚ್ಚಿತು.

ಕಂಪನಿ ಗೋಡೆ ಕಟ್ಟುವುದು ಒಂದು ಬಗೆ, ಸರ್ಕಾರವೇ ಕಟ್ಟುವುದು ಇನ್ನೊಂದು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ಹೊಸದಲ್ಲ. ಯುಎಇಯಲ್ಲಿ ವಾಟ್ಸಾಪ್ ಸಂದೇಶಕ್ಕೆ ಅಡ್ಡಿಯಿಲ್ಲ, ಕರೆಗೆ ವರ್ಷಗಳಿಂದ ನಿರ್ಬಂಧ. ಅಲ್ಲಿ ದುಡಿಯುವವರ ಮುಖ ನೋಡಬೇಕಾದರೆ ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್‌ಗಳನ್ನು ಊರಿನವರೂ ಹಾಕಿಕೊಳ್ಳಬೇಕಾಯಿತು. ರಷ್ಯಾ 2025ರ ಆಗಸ್ಟ್‌ನಲ್ಲಿ ವಾಟ್ಸಾಪ್, ಟೆಲಿಗ್ರಾಂ ಕರೆಗಳನ್ನು ನಿರ್ಬಂಧಿಸಿ, ಸೆಪ್ಟೆಂಬರ್ 1ರಿಂದ ಮ್ಯಾಕ್ಸ್ ಎಂಬ ಸ್ವದೇಶಿ ಆ್ಯಪ್‌ನ್ನು ಮಾರಾಟವಾಗುವ ಪ್ರತಿ ಫೋನಿನಲ್ಲೂ ಕಡ್ಡಾಯಗೊಳಿಸಿತು. ಇದನ್ನು ಸ್ಪರ್ಧೆಯೆನ್ನಲಾಗದು.

ಭಾರತ ಹಿಡಿದಿರುವುದು ದಂಡದ ದಾರಿ. 2021ರ ಗೋಪ್ಯತಾ ನೀತಿಯ ವಿಷಯದಲ್ಲಿ ‘ಒಪ್ಪು, ಇಲ್ಲವೇ ಬಿಡು’ ಎಂಬ ಧೋರಣೆ ಪ್ರಾಬಲ್ಯದ ದುರ್ಬಳಕೆಯೆಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ತೀರ್ಪಿತ್ತು, ಮೆಟಾಗೆ 213.14 ಕೋಟಿ ರೂ. ದಂಡ ವಿಧಿಸಿತು. ಜಾಹೀರಾತಿಗಾಗಿ ದತ್ತಾಂಶ ಹಂಚಿಕೊಳ್ಳುವುದಕ್ಕೆ ಐದು ವರ್ಷ ನಿಷೇಧವನ್ನೂ ಹೇರಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು ಐದು ವರ್ಷದ ನಿಷೇಧವನ್ನು ರದ್ದುಗೊಳಿಸಿತು. ನೀತಿ ಇಷ್ಟವಿಲ್ಲದವನು ಬಿಟ್ಟು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ದಂಡದ ಮೊತ್ತದಲ್ಲಿ ಉತ್ತರವಿಲ್ಲ. ದೊಡ್ಡ ಕಂಪನಿಗಳಿಗೆ ಮುಂಚಿತವಾಗಿಯೇ ಕಟ್ಟುಪಾಡು ವಿಧಿಸುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಪ್ರಕಟವಾಯಿತಾದರೂ 2025 ಮುಗಿದರೂ ಕಾಯ್ದೆಯಾಗಲಿಲ್ಲ.

ಬಾಗಿಲನ್ನೇ ತೆರೆಸುವ ಪ್ರಯತ್ನ ನಡೆದಿರುವುದು ಯೂರೋಪಿನಲ್ಲಿ. ಅಲ್ಲಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಡಿ 2023ರ ಸೆಪ್ಟೆಂಬರ್‌ನಲ್ಲಿ ವಾಟ್ಸಾಪ್ ಮತ್ತು ಮೆಸೆಂಜರ್‌ಗಳನ್ನು ‘ದ್ವಾರಪಾಲಕ’ ಸೇವೆಗಳೆಂದು ಗುರುತಿಸಲಾಯಿತು. ಅನ್ಯ ಆ್ಯಪ್‌ಗಳು ಕೇಳಿದರೆ ಅವುಗಳಿಗೆ ಸಂಪರ್ಕ ಕೊಡುವುದು ಕಡ್ಡಾಯ. 2025ರ ನವೆಂಬರ್‌ನಲ್ಲಿ ಬರ್ಡಿಚಾಟ್ ಮತ್ತು ಹೈಕೆಟ್ ಎಂಬ ಎರಡು ಪುಟ್ಟ ಸೇವೆಗಳಿಗೆ ಬಾಗಿಲು ತೆರೆಯುತ್ತಿರುವುದಾಗಿ ಮೆಟಾ ಪ್ರಕಟಿಸಿತು. ಒಪ್ಪಿದ ಬಳಕೆದಾರರಿಗೆ ಮಾತ್ರ, ಯೂರೋಪಿನೊಳಗೆ ಮಾತ್ರ.

ಕುತೂಹಲದ ಸಂಗತಿಯೆಂದರೆ ಇದರಿಂದ ಲಾಭವಾಗಬೇಕಿದ್ದ ಸಿಗ್ನಲ್ ಮತ್ತು ತ್ರೀಮಾ ಬರಲೊಲ್ಲೆವೆಂದವು. ಎರಡು ಆ್ಯಪ್‌ಗಳ ನಡುವೆ ಸಂದೇಶ ದಾಟುವಾಗ ಒಳಗಿನ ಮಾತು ಗುಪ್ತವಾಗಿ ಉಳಿದರೂ, ಯಾರು ಯಾರಿಗೆ ಯಾವಾಗ ಬರೆದರೆಂಬ ವಿವರ ಎದುರು ಪಕ್ಷದ ಕೈಸೇರುತ್ತದೆ. ಗೋಪ್ಯತೆಯನ್ನೇ ಬಂಡವಾಳವಾಗಿಸಿಕೊಂಡ ಸೇವೆಗೆ ಅದು ಒಪ್ಪಿತವಲ್ಲ. ಯುಪಿಐ ಹೋಲಿಕೆ ಮುಗ್ಗರಿಸುವುದೂ ಇಲ್ಲಿಯೇ. ಹಣ ರವಾನೆಯ ನಡುವೆ ಬ್ಯಾಂಕು ಹಾಗೂ ಪಾವತಿ ನಿಗಮ ಎಲ್ಲವನ್ನೂ ನೋಡುತ್ತವೆ, ನೋಡಲೇಬೇಕು. ಸಂದೇಶದ ನಡುವೆ ಅಂಥ ಮೂರನೆಯವರು ಯಾರೂ ಕೂರಬಾರದು. ತೆರೆದ ಬಾಗಿಲಿಗೂ ಮುಚ್ಚಿದ ಲಕೋಟೆಗೂ ಹೊಂದಿಕೆಯಾಗುವಂತೆ ವ್ಯವಸ್ಥೆ ರೂಪಿಸುವುದು ಸಾಧ್ಯ, ಆದರೆ ಅದು ಶ್ರಮದ ಕೆಲಸ, ಮತ್ತು ಅದರ ಹೊಣೆ ಹೊರಬೇಕಾದ ಕಂಪನಿಗೇ ಅದರಿಂದ ಲಾಭವಿಲ್ಲ.

ಯೂರೋಪಿನ ಕಾಯ್ದೆ ಸದ್ಯ ಬರಹ, ಚಿತ್ರ, ಧ್ವನಿ ಸಂದೇಶಗಳಿಂದ ಆರಂಭಿಸಿದೆ. ಧ್ವನಿ ಮತ್ತು ವಿಡಿಯೊ ಕರೆಗಳಿಗೆ ದ್ವಾರಪಾಲಕರೆಂದು ಗುರುತಿಸಿದ ದಿನದಿಂದ ನಾಲ್ಕು ವರ್ಷಗಳ ಕಾಲಾವಕಾಶ ನೀಡಿದೆ. ಆ ಗಡುವು ಮುಗಿಯುವುದು 2027ರ ಸೆಪ್ಟೆಂಬರ್‌ನಲ್ಲಿ.