ನಕ್ಷೆಗೆ ನಿಮ್ಮೂರು ಸೇರಿಸುವ ಮುನ್ನ: ನಿಮ್ಮ ಬಿಟ್ಟಿ ದುಡಿಮೆ ಯಾರ ಪಾಲಿಗೆ?

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ಮೊಬೈಲ್ ನಕ್ಷೆ ನಂಬಿ ಹೊರಟಿದ್ದ ಕಾರೊಂದು ತುಂಡಾದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಮೊದಲೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಅದು ಸುತ್ತಲಿನವರಿಗೆ ಗೊತ್ತಿತ್ತು, ನಕ್ಷೆಗೆ ಗೊತ್ತಿರಲಿಲ್ಲ. ಲೋಕೋಪಯೋಗಿ ಇಲಾಖೆಯ ಎಂಜಿನಿಯರ್‌ಗಳ ಜತೆಗೆ ಗೂಗಲ್ ಮ್ಯಾಪ್ಸ್‌ನ ಅಧಿಕಾರಿಯ ಮೇಲೂ ಪೊಲೀಸರು ಪ್ರಕರಣ ದಾಖಲಿಸಿದರು.

ಊರಿನವರಿಗೆ ಗೊತ್ತಿರುವುದು ನಕ್ಷೆಗೆ ತಲುಪುವುದು ಹೇಗೆ? ಇದಕ್ಕೆ ಎರಡು ದಶಕಗಳಿಂದ ಒಂದು ಉತ್ತರವಿದೆ, ಓಪನ್‌ಸ್ಟ್ರೀಟ್‌ಮ್ಯಾಪ್. ಬ್ರಿಟನ್‌ನಲ್ಲಿ ಸರ್ಕಾರಿ ಸರ್ವೆ ಸಂಸ್ಥೆಯ ನಕ್ಷೆಗಳು ದುಬಾರಿ, ಬಳಕೆಗೂ ನೂರೆಂಟು ಷರತ್ತು ಎಂಬ ಬೇಸರದಲ್ಲಿ ಸ್ಟೀವ್ ಕೋಸ್ಟ್ 2004ರಲ್ಲಿ ಇದನ್ನು ಶುರು ಮಾಡಿದರು. ವಿಕಿಪೀಡಿಯದ ಹಾಗೆಯೇ ಯಾರು ಬೇಕಾದರೂ ಖಾತೆ ತೆರೆದು ರಸ್ತೆ, ಬಾವಿ, ಆಸ್ಪತ್ರೆ, ಬಸ್ ನಿಲ್ದಾಣ ಸೇರಿಸಬಹುದು. ಸಂಬಳವಿಲ್ಲ, ಪಾಯಿಂಟ್‌ಗಳೂ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ನೇಪಾಳ ತೋರಿಸಿಕೊಟ್ಟಿದೆ. ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಪುಟ್ಟ ತಂಡ ಭೂಕಂಪಕ್ಕೂ ಮೊದಲೇ ಕಣಿವೆಯ ಶಾಲೆ, ಆಸ್ಪತ್ರೆಗಳನ್ನು ಗುರುತಿಸಿಟ್ಟಿತ್ತು. 2015ರ ಏಪ್ರಿಲ್ 25ರಂದು ಭೂಮಿ ನಡುಗಿದಾಗ ಜಗತ್ತಿನ ಸಾವಿರಾರು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಹಳ್ಳಿಗಳ ದಾರಿ, ಮನೆ, ಹೆಲಿಕಾಪ್ಟರ್ ಇಳಿಯಬಹುದಾದ ಬಯಲು ಗುರುತಿಸಿದರು. ರೆಡ್ ಕ್ರಾಸ್‌ನಂಥ ಪರಿಹಾರ ಸಂಸ್ಥೆಗಳು ಆ ನಕ್ಷೆ ಹಿಡಿದು ಕೆಲಸ ಮಾಡಿದವು. ಗಮನಿಸಬೇಕಾದ ಸಂಗತಿ: ಮೊದಲೇ ಊರನ್ನು ಬಲ್ಲ ತಂಡ ಅಲ್ಲಿತ್ತು. ದೂರದಲ್ಲಿ ಕೂತವರಿಗೆ ಚಿತ್ರದಲ್ಲಿ ಸೂರು ಕಾಣುತ್ತದೆ, ಅದು ಶಾಲೆಯೋ ಗೋದಾಮೋ ತಿಳಿಯುವುದಿಲ್ಲ.

ಭಾರತದ ಪಾಠ

ನಮ್ಮಲ್ಲೂ ಇಂಥ ಉತ್ಸಾಹಕ್ಕೆ ಕೊರತೆ ಇರಲಿಲ್ಲ. ಗೂಗಲ್‌ನ ಬೆಂಗಳೂರಿನ ಎಂಜಿನಿಯರ್‌ಗಳ ತಲೆಯಲ್ಲಿ ಹುಟ್ಟಿದ ಮ್ಯಾಪ್ ಮೇಕರ್ 2008ರಲ್ಲಿ ಬಂತು. ಸಾವಿರಾರು ಜನ ತಮ್ಮೂರಿನ ಓಣಿ, ಕೆರೆ, ಗುಡಿಗಳನ್ನು ಅದರಲ್ಲಿ ತುಂಬಿದರು. 2013ರಲ್ಲಿ ಕಂಪನಿ 'ಮ್ಯಾಪಥಾನ್' ಸ್ಪರ್ಧೆ ನಡೆಸಿದಾಗ ಅನುಮತಿ ಪಡೆದಿಲ್ಲ ಎಂದು ಸರ್ವೆ ಆಫ್ ಇಂಡಿಯಾ ಪೊಲೀಸರಿಗೆ ದೂರು ಕೊಟ್ಟಿತು, ಮರುವರ್ಷ ಸಿಬಿಐ ಪ್ರಾಥಮಿಕ ತನಿಖೆಗೂ ಇಳಿಯಿತು. 2017ರಲ್ಲಿ ಮ್ಯಾಪ್ ಮೇಕರ್ ಬಾಗಿಲು ಮುಚ್ಚಿತು. ಜನ ತುಂಬಿದ ಮಾಹಿತಿ ಗೂಗಲ್ ಮ್ಯಾಪ್ಸ್‌ನಲ್ಲಿ ಉಳಿಯಿತು. ಆದರೆ ಅದರ ಒಡೆತನ ಅವರದಲ್ಲ. ತಾವೇ ಗುರುತಿಸಿದ ರಸ್ತೆಗಳನ್ನು ಡೌನ್‌ಲೋಡ್ ಮಾಡಿ ಪಂಚಾಯಿತಿಗೋ ಶಾಲೆಗೋ ಕೊಡೋಣ ಎಂದರೂ ಕಂಪನಿಯ ಷರತ್ತಿಗೆ ಒಳಪಡಬೇಕು.

ಓಪನ್‌ಸ್ಟ್ರೀಟ್‌ಮ್ಯಾಪ್ ಬೇರೆಯಾಗುವುದು ಇಲ್ಲೇ. ಅದರ ಮಾಹಿತಿ ಮುಕ್ತ ಪರವಾನಗಿಯಲ್ಲಿದೆ. ಹೆಸರು ಉಲ್ಲೇಖಿಸಿ ಯಾರೂ ಬಳಸಬಹುದು, ದತ್ತಾಂಶವನ್ನು ತಿದ್ದಿ ಬೆಳೆಸಿ ಹಂಚಿದರೆ ಅದನ್ನೂ ಅದೇ ಷರತ್ತಿನಲ್ಲಿ ಮುಕ್ತವಾಗಿಡಬೇಕು. ಹಾಗೆಂದು ಕಂಪನಿಗಳು ದೂರ ಉಳಿದಿಲ್ಲ. ಮೆಟಾ, ಮೈಕ್ರೋಸಾಫ್ಟ್, ಅಮೆಜಾನ್ ಎಲ್ಲವೂ ಈ ನಕ್ಷೆ ಬಳಸುತ್ತವೆ. ಬಿಟ್ಟಿ ದುಡಿಮೆಯಿಂದ ಶ್ರೀಮಂತರಿಗೆ ಲಾಭ ಎಂಬ ದೂರು ಸುಳ್ಳಲ್ಲ. ವ್ಯತ್ಯಾಸ ಇಷ್ಟೇ, ಲಾಭ ಅವರಿಗಷ್ಟೇ ಸಿಕ್ಕಿ ಬಾಗಿಲು ಮುಚ್ಚುವುದಿಲ್ಲ.

ಕಾನೂನಿನ ಭಯವೂ ಈಗ ಕಡಿಮೆ. 2016ರ ಕರಡು ಮಸೂದೆಯಲ್ಲಿ ಅನುಮತಿಯಿಲ್ಲದ ನಕ್ಷೆ ಮಾಹಿತಿಗೆ 100 ಕೋಟಿ ರೂ.ವರೆಗೆ ದಂಡ, 7 ವರ್ಷದವರೆಗೆ ಜೈಲು ಎಂದಿತ್ತು! ಅದು ಕಾಯ್ದೆಯಾಗಲಿಲ್ಲ. 2021ರ ಫೆಬ್ರವರಿ 15ರ ಮಾರ್ಗಸೂಚಿ ಭಾರತೀಯರಿಗೆ ಪೂರ್ವಾನುಮತಿಯ ಅಗತ್ಯವನ್ನೇ ತೆಗೆದುಹಾಕಿತು. ಆದರೆ ಸೂಕ್ಷ್ಮ ಸ್ಥಳಗಳ ಮಾಹಿತಿಗೆ ನಿರ್ಬಂಧವಿದೆ. ಗಡಿಯ ವಿಷಯವೂ ಹಾಗೆಯೇ ಉಳಿದಿದೆ. ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ, ಓಪನ್‌ಸ್ಟ್ರೀಟ್‌ಮ್ಯಾಪ್ ತೋರಿಸುವುದು ನೆಲದ ಮೇಲೆ ಯಾರ ಹಿಡಿತವಿದೆ ಎಂಬುದನ್ನು. ಬಸ್ ಸ್ಟಾಪ್ ಸೇರಿಸುವವರಿಗೆ ಇದರ ಬಿಸಿ ತಟ್ಟುವುದು ಅನುಮಾನ. ಆ ನಕ್ಷೆಯನ್ನು ಗಡಿ ಸಮೇತ ಪ್ರಕಟಿಸುವವರು (ನಮ್ಮಂಥ ಸುದ್ದಿತಾಣದವರೂ ಸೇರಿ) ಎಚ್ಚರ ವಹಿಸಬೇಕು.

ಕನ್ನಡದ ಹೆಸರು ಯಾರು ಬರೆಯಬೇಕು?

ಹೊರನಾಡ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಕೆಲಸವಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಊರಿಗೆ ಪ್ರತಿ ಭಾಷೆಯ ಹೆಸರಿಗೂ ಪ್ರತ್ಯೇಕ ಜಾಗವಿದೆ. ಮರಾಠಿ ಹೆಸರು ತೆಗೆಯದೆಯೇ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗ್ಲಿ ಜಿಲ್ಲೆಯ ಜತ್ತ ಸೀಮೆಯ ಹಳ್ಳಿಗಳಿಗೆ ಮನೆಯಲ್ಲಿ ಆಡುವ ಕನ್ನಡದ ಹೆಸರು ಸೇರಿಸಬಹುದು. 2021ರಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರು ಮಲಯಾಳೀಕರಣವಾಗುತ್ತಿದೆ ಎಂಬ ಸುದ್ದಿ ದೊಡ್ಡ ವಿವಾದವಾಗಿ, ಅಂಥ ಪ್ರಸ್ತಾವವಿಲ್ಲ ಎಂದು ಕೇರಳ ಸರ್ಕಾರ ಹೇಳಬೇಕಾಯಿತು. ಸರ್ಕಾರಿ ಬೋರ್ಡಿನಲ್ಲಿ ಜಾಗ ಕಡಿಮೆ, ಜಗಳ ಜಾಸ್ತಿ. ಈ ನಕ್ಷೆಯಲ್ಲಿ ಎರಡೂ ಹೆಸರು ಅಕ್ಕಪಕ್ಕ ಇರಬಹುದು.

ಈ ಕೆಲಸವನ್ನು ಯಂತ್ರಕ್ಕೆ ಬಿಡುವಂತಿಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಲ-ಳ, ನ-ಣ, ದ-ಡ ಭೇದವಿಲ್ಲ. ಅದನ್ನು ನೋಡಿ ಲಿಪ್ಯಂತರ ಮಾಡಿದರೆ ಬಾಣಸವಾಡಿ 'ಬನಸ್ವಾಡಿ' ಆಗುತ್ತದೆ, ಮಡಿವಾಳ 'ಮದಿವಾಲ' ಆಗುತ್ತದೆ. ಒಮ್ಮೆ ನಕ್ಷೆಗೆ ಬಿದ್ದ ತಪ್ಪು ಅದನ್ನು ಬಳಸುವ ಹತ್ತಾರು ಆ್ಯಪ್‌ಗಳಿಗೆ ಹರಡುತ್ತದೆ.

ಯಾರು ಬೇಕಾದರೂ ತಿದ್ದಬಹುದು ಎಂದ ಮೇಲೆ ಕೆಡಿಸುವವರೂ ಇರುತ್ತಾರೆ. ಪ್ರತಿ ಬದಲಾವಣೆಯ ದಾಖಲೆ ಉಳಿಯುವುದರಿಂದ ಹಿಂದಿನ ಸ್ಥಿತಿಗೆ ತರಬಹುದು, ಆದರೆ ಆ ಭಾಗ ಬಲ್ಲವರು ಕಣ್ಣಿಟ್ಟಿದ್ದರೆ ಮಾತ್ರ. ಬರೇಲಿಯಂಥ ಸೇತುವೆಯೂ ಹಾಗೆಯೇ. ಅಲ್ಲೊಬ್ಬ ಸ್ವಯಂಸೇವಕ ಇಲ್ಲದಿದ್ದರೆ ಮುಕ್ತ ನಕ್ಷೆಯೂ ಅಷ್ಟೇ ಕುರುಡು.

ಶುರು ಮಾಡುವುದು ಕಷ್ಟವಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಎಂಬ ಉಚಿತ ಆ್ಯಪ್ ನೀವಿರುವ ಬೀದಿಯ ಬಗ್ಗೆ ಸಣ್ಣ ಪ್ರಶ್ನೆ ಕೇಳುತ್ತದೆ, ಉತ್ತರಿಸಿದರೆ ಸಾಕು. ಊರ ಹೆಸರು ಸೇರಿಸಲು ವೆಬ್‌ಸೈಟ್‌ನಲ್ಲೇ ಖಾತೆ ತೆರೆಯಬೇಕು. ಗೂಗಲ್ ಮ್ಯಾಪ್ಸ್ ನೋಡಿ ನಕಲು ಮಾಡುವುದು ನಿಷಿದ್ಧ. ಹೆಸರಿನಲ್ಲಿ 'ಲ'ವೋ 'ಳ'ವೋ ಎಂಬ ಅನುಮಾನ ಬಂದರೆ ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿ.