ಚಪ್ಪಟೆ ತಳದ ದೋಣಿಯೇ ಸಾಕು

ಉಳ್ಳಾಲದಲ್ಲಿರುವ ಮಾಮನ ಮಕ್ಕಳು ಒಟ್ಟು ಸೇರಿ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಳ್ಳಲು ಹೊರಟಿದ್ದಾರೆ. ಪೆರ್ನಾಲ್ ಮರುದಿನ ಮನೆಯವರನ್ನೆಲ್ಲ ನೇತ್ರಾವತಿಯಲ್ಲಿ ಒಂದು ಸುತ್ತು ಕರೆದೊಯ್ಯಬೇಕಂತೆ. ಎರಡು ದೋಣಿಗಳ ಫೋಟೋ ವಾಟ್ಸಾಪಿನಲ್ಲಿ ನನಗೆ ಆದೋನಿಗೆ ಬಂತು. ಒಂದು 12 ಅಡಿಯ ಚಪ್ಪಟೆ ತಳದ್ದು, ಇನ್ನೊಂದು 14 ಅಡಿಯ ‘ವಿ’ ಆಕಾರದ ತಳದ್ದು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನಲ್ಲವೇ, ಹೇಳು ಅಂದರು. ಚಪ್ಪಟೆಯದ್ದು ತೆಗೆದುಕೊಳ್ಳಿ ಅಂದೆ. ಅರ್ಧ ಕುಟುಂಬಕ್ಕೆ ಈಗ ನನ್ನ ಮೇಲೆ ಮುನಿಸು.

‘ವಿ’ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ನಿಜ. ಆದರೆ ದಡದಲ್ಲಿ ನಿಂತಿರುವಾಗ ಉಮ್ಮ ಒಂದು ಬದಿಯಲ್ಲಿ ಕಾಲಿಟ್ಟರೆ ವಾಲುತ್ತದೆ. ಚಪ್ಪಟೆ ತಳ ಅಷ್ಟು ಬೇಗ ವಾಲುವುದಿಲ್ಲ, ಕಡಿಮೆ ನೀರಿನಲ್ಲೂ ತೇಲುತ್ತದೆ. ನಮ್ಮ ಹತ್ತಿರದ ಮಂತ್ರಾಲಯದಲ್ಲಿ ಬೇಸಿಗೆಗೆ ತುಂಗಭದ್ರೆಯ ಬಂಡೆಗಳೆಲ್ಲ ತಲೆ ಎತ್ತುತ್ತವೆ. ಅಂಥ ನೀರಿಗೆ ಹರಿಗೋಲು ಹೊಂದುವುದು ಅದರ ತಳ ಚಪ್ಪಟೆಯಾಗಿರುವುದರಿಂದಲೇ.

ಅಲೆ ಬಂದರೆ ಮಾತ್ರ ಚಪ್ಪಟೆ ತಳ ದಡದಡ ಬಡಿಯುತ್ತದೆ, ಕೂತವರ ಸೊಂಟ ಹಿಡಿಯುತ್ತದೆ. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಉಳ್ಳಾಲದಿಂದ ಅಳಿವೆ ಬಾಗಿಲು ಎಷ್ಟು ದೂರ? ‘ವಿ’ ತಳದ ದೋಣಿ ಇದ್ದರೆ “ಸ್ವಲ್ಪ ಸಮುದ್ರ ನೋಡಿ ಬರುವ” ಎನ್ನುವವನೊಬ್ಬ ನಮ್ಮಲ್ಲಿ ಇದ್ದೇ ಇದ್ದಾನೆ (ಹೆಸರು ಹೇಳುವುದಿಲ್ಲ, ಅವನಿಗೇ ಗೊತ್ತು). ಮಕ್ಕಳನ್ನು ಕೂರಿಸಿಕೊಂಡು ಹೋಗುವ ಜಾಗ ಅದಲ್ಲ. ಚಪ್ಪಟೆಯದ್ದಾದರೆ ನಾಲ್ಕು ಅಲೆ ಬಡಿದ ಕೂಡಲೇ ಹೆಂಗಸರೇ ದೋಣಿ ತಿರುಗಿಸಿ ಅನ್ನುತ್ತಾರೆ.

“ಅದರಲ್ಲಿ ಜಾಗ ಸಾಲದು” ಎಂಬುದು ಅವರ ತಕರಾರು. 12 ಅಡಿ ಉದ್ದ, 4 ಅಡಿ ಅಗಲದ ಚಪ್ಪಟೆ ದೋಣಿ ಸುಮಾರು 40 ಕೆಜಿ ಭಾರಕ್ಕೆ ಒಂದು ಸೆಂಟಿಮೀಟರ್ ಮುಳುಗುತ್ತದೆ. ಆರು ಮಂದಿ ಹೆಚ್ಚಿಗೆ ಹತ್ತಿದರೆ ಒಂಬತ್ತು ಸೆಂಟಿಮೀಟರ್ ಹೋಯಿತು. ಎಂಜಿನ್, ಪೆಟ್ರೋಲ್, ಬಿರಿಯಾನಿ ಪಾತ್ರೆ ಬೇರೆ. ಅಂಗಡಿಯಲ್ಲಿ ಉಪ್ಪ ಗೋಣಿಯ ತೂಕವನ್ನೂ ಕಳೆದು ಲೆಕ್ಕ ಹಾಕುತ್ತಾರೆ. ನಾವು ಪಿಕ್‌ನಿಕ್‌ಗೆ ಹೊರಟರೆ ತಲೆ ಎಣಿಸುವುದನ್ನೂ ಮರೆಯುತ್ತೇವೆ. ಒಳಗೆ ನೀರು ಬಂದರಂತೂ ಅದು ವಾಲಿದ ಬದಿಗೇ ಓಡುತ್ತದೆ. ಆಗ ಚಪ್ಪಟೆ ತಳವೂ ಕಾಪಾಡುವುದಿಲ್ಲ.

2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿದ್ದು ಮೀನು ಹಿಡಿಯುವ ದೋಣಿಯನ್ನೇ ಮಾರ್ಪಡಿಸಿದ ವಿಹಾರದ ದೋಣಿ. ಮಿತಿ ಮೀರಿ ಜನ ಹತ್ತಿದ್ದರು. ಸತ್ತವರು 22 ಮಂದಿ, ಮಕ್ಕಳೇ ಹೆಚ್ಚು. ಒಂದೇ ಕುಟುಂಬದವರು 11. ಅವರೂ ನಮ್ಮ ಹಾಗೆ ರಜೆಯಲ್ಲಿ ಮನೆಮಂದಿ ಸೇರಿ ಹೊರಟವರು.

ಆದ್ದರಿಂದ ಎರಡು ಸುತ್ತು ಮಾಡಿ. ಸಣ್ಣ ದೋಣಿಯಿಂದ ಉಳಿಯುವ ಹಣದಲ್ಲಿ ಮಕ್ಕಳ ಅಳತೆಯ ಲೈಫ್ ಜಾಕೆಟ್ ತನ್ನಿ. ದೊಡ್ಡವರದ್ದು ಹಾಕಿದರೆ ಮಗು ಅದರೊಳಗಿಂದ ಜಾರಿಬಿಡುತ್ತದೆ. ಬುರ್ಖಾ ಹಾಕಿದವರು ಜಾಕೆಟನ್ನು ಅದರ ಮೇಲೆಯೇ ಬಿಗಿಯಾಗಿ ಕಟ್ಟಿಕೊಳ್ಳಲಿ. ಚಂದ ಕಾಣುವುದಿಲ್ಲ ಅಂತ ಕಾಲಡಿಗೆ ಹಾಕಿ ಕೂರುವುದನ್ನು ನಾನೇ ನೋಡಿದ್ದೇನೆ.

ಮುಂಗಡ ಕೊಡುವ ಮುಂಚೆ ತಳದ ಹಾಳೆ 5052 ಅಥವಾ 5083 ದರ್ಜೆಯದ್ದೇ ಎಂದು ಕೇಳಿ. ಭರತದ ಹೊತ್ತಿಗೆ ನೇತ್ರಾವತಿಗೆ ಉಪ್ಪುನೀರು ಏರುತ್ತದೆ. ಆ ನೀರಿನಲ್ಲಿ ಹಿತ್ತಾಳೆ ಬೋಲ್ಟ್, ತಾಮ್ರದ ಸರಿಗೆ ಅಲ್ಯೂಮಿನಿಯಂಗೆ ತಾಗಿದರೆ ತಾಗಿದಲ್ಲೇ ತೂತು ಬೀಳುತ್ತದೆ. ಫೋಟೋದಲ್ಲಿ ಅದು ಕಾಣುವುದಿಲ್ಲ. ದೋಣಿಯನ್ನು ಮಗುಚಿ ಹಾಕಿಸಿ, ತಳ ನೋಡಿ.